ಮನೆಯ ಕಂಪ್ಯೂಟರ್‌ನಿಂದ ಕನ್ನಡ ಮಾಯವಾದಾಗ

ಮುಂಬಯಿ ಇರಲಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಇರಲಿ, ಹೊರನಾಡಿನ ಕನ್ನಡ ಸಂಘಗಳ ದಾಖಲೆಗಳು ಈಗ ಎಲ್ಲಿವೆ ಎಂದು ವಿಚಾರಿಸಿದರೆ ಸಿಗುವ ಉತ್ತರ ಹೆಚ್ಚು ಕಡಿಮೆ ಒಂದೇ. ಅವು ಸಂಘದ ಕಪಾಟಿನಲ್ಲಿಲ್ಲ, ಕಾರ್ಯದರ್ಶಿಯವರ ಮನೆಯ ಕಂಪ್ಯೂಟರಿನಲ್ಲಿವೆ. ಆಜೀವ ಸದಸ್ಯರ ಪಟ್ಟಿ, ಮಹಾಸಭೆಯ ನಡಾವಳಿ, ವಿದ್ಯಾರ್ಥಿವೇತನ ಪಡೆದ ಮಕ್ಕಳ ವಿವರ, ಸ್ಮರಣ ಸಂಚಿಕೆಯ ಲೇಖನಗಳು, ಎಲ್ಲವೂ ಅಲ್ಲೇ. ಆ ಕಂಪ್ಯೂಟರಿಗೆ ಒಂದು ದಿನ ಏನಾದರೂ ಆದರೆ? ನನ್ನ ಮನೆಯಲ್ಲೇ ನಡೆದ ಸಂಗತಿಯೊಂದನ್ನು ಹೇಳಿದರೆ ಇತರ ಸಂಘಗಳ ಪದಾಧಿಕಾರಿಗಳಿಗೂ ಉಪಯೋಗವಾದೀತು ಎಂಬ ಉದ್ದೇಶದಿಂದ ಈ ಲೇಖನ.

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಡೊಂಬಿವಲಿಯಲ್ಲಿ ವಾಸ. ಹಲವು ವರ್ಷ ನಮ್ಮ ಸಂಘದ ಸಂಚಿಕೆಯ ಸಂಪಾದಕತ್ವ ನನ್ನ ಪಾಲಿಗೆ ಬಂದಿತ್ತು. 2023ರ ದೀಪಾವಳಿ ರಜೆಗೆ ಠಾಣೆಯಿಂದ ಮಗಳ ಮಗ ಬಂದಿದ್ದ. ಹತ್ತನೇ ತರಗತಿಯ ಹುಡುಗ, ಕಂಪ್ಯೂಟರ್ ಎಂದರೆ ಪ್ರಾಣ. ನನ್ನ ಯಂತ್ರ ಶುರುವಾಗುವಷ್ಟರಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಯುತ್ತಿತ್ತು. "ಅಜ್ಜ, ಇದು ತುಂಬಾ ಸ್ಲೋ ಉಂಟು. ನಾನು ಫ್ರೆಶ್ ಮಾಡಿ ಕೊಡ್ತೇನೆ. ನಿಮ್ಮ ಫೈಲ್ ಏನೂ ಹೋಗುದಿಲ್ಲ" ಎಂದ. ನಾನು ಪೇಪರ್ ಓದುತ್ತಾ "ಆಯ್ತು ಮಾಡು" ಎಂದೆ. ವಿಂಡೋಸ್‌ನಲ್ಲಿ 'ರೀಸೆಟ್' ಎಂಬ ವ್ಯವಸ್ಥೆ ಇದೆ. ಅದರಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನೇ ಆತ ಒತ್ತಿದ್ದ. ಹುಡುಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಆಯ್ಕೆ ಕಡತಗಳನ್ನು ಮಾತ್ರ ಉಳಿಸುತ್ತದೆ, ನಾವು ಹಾಕಿಸಿಕೊಂಡ ತಂತ್ರಾಂಶಗಳನ್ನೆಲ್ಲ ತೆಗೆದುಹಾಕುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಸಂಜೆ ಕಂಪ್ಯೂಟರ್ ಚುರುಕಾಗಿಯೇ ಶುರುವಾಯಿತು. ಆದರೆ 'ನುಡಿ' ಇಲ್ಲ, 'ಬರಹ' ಇಲ್ಲ, ಪ್ರಿಂಟರ್ ಕೆಲಸ ಮಾಡುತ್ತಿಲ್ಲ. ಸಂಚಿಕೆಯ ಫೋಲ್ಡರ್ ಇದ್ದಲ್ಲೇ ಇತ್ತು. ಸಮಾಧಾನದಿಂದ ಒಂದು ಕಡತ ತೆರೆದೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ! ಪುಟದ ತುಂಬಾ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ, ಚುಕ್ಕಿ, ನಡುನಡುವೆ ಪೌಂಡಿನ ಗುರುತು.

ಒಂದೇ ಪ್ರತಿ

ಆ ಕಡತ ಯಾವುದೆಂದು ಹೇಳಬೇಕು. ನಮ್ಮ ಸಂಘದ ಹಿರಿಯರೊಬ್ಬರು ಬಾಲ್ಯದಲ್ಲೇ ಊರು ಬಿಟ್ಟು ಹಡಗಿನಲ್ಲಿ ಮುಂಬಯಿಗೆ ಬಂದವರು. ಫೋರ್ಟ್‌ನ ಹೊಟೇಲೊಂದರಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಮೆಟ್ರಿಕ್ ಮುಗಿಸಿ, ಮುಂದೆ ಸಂಘ ಕಟ್ಟಿದವರಲ್ಲಿ ಒಬ್ಬರಾದರು. ತಮ್ಮ ನೆನಪುಗಳನ್ನು ಎರಡು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕೈಗೆ ಕೊಟ್ಟಿದ್ದರು. 2004ರಲ್ಲಿ ನಾನದನ್ನು ನುಡಿಯಲ್ಲಿ ಟೈಪ್ ಮಾಡಿದೆ, ನೋಟ್‌ಬುಕ್ಕನ್ನು ನೆಲಮಾಳಿಗೆಯಲ್ಲಿದ್ದ ಸಂಘದ ಕಚೇರಿಯಲ್ಲಿಟ್ಟೆ. 2005ರ ಜುಲೈ 26ನ್ನು ಮುಂಬಯಿಯವರು ಯಾರೂ ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಚೇರಿಗೆ ನುಗ್ಗಿದ ನೀರಿನಲ್ಲಿ ನೋಟ್‌ಬುಕ್ ಮುದ್ದೆಯಾಯಿತು. ಅಂದು ನಾವು ಹೇಳಿಕೊಂಡದ್ದು "ಕಂಪ್ಯೂಟರಿನಲ್ಲಿ ಉಂಟಲ್ಲ, ಚಿಂತೆ ಇಲ್ಲ" ಎಂದು. ಸಂಚಿಕೆಯಲ್ಲಿ ಅಚ್ಚಾದದ್ದು ಅದರ ಒಂದು ಭಾಗ ಮಾತ್ರ. ಆ ಹಿರಿಯರು ಈಗ ನಮ್ಮೊಂದಿಗಿಲ್ಲ. ಪೂರ್ತಿ ಬರಹ ಉಳಿದದ್ದು ನನ್ನ ಕಂಪ್ಯೂಟರಿನ ಆ ಒಂದು ಕಡತದಲ್ಲಿ. ಯಂತ್ರ ಬದಲಾದಾಗಲೆಲ್ಲ ಅದನ್ನು ಹೊಸದಕ್ಕೆ ಸಾಗಿಸಿದೆನೇ ಹೊರತು ಎರಡನೆಯ ಪ್ರತಿ ಮಾಡಿ ಬೇರೆಡೆ ಇಡುವ ಯೋಚನೆ ಬರಲಿಲ್ಲ.

ಮರುದಿನ ಪರಿಚಯದ ರಿಪೇರಿಯವನನ್ನು ಕರೆಸಿದೆ. ಪರದೆ ನೋಡಿ "ವೈರಸ್ ಹಿಡಿದಿದೆ, ಕಡತಗಳು ಹಾಳಾಗಿವೆ, ಡಿಸ್ಕ್ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇನೆ" ಎಂದ. ಆತ ಕೆಟ್ಟವನಲ್ಲ, ಕನ್ನಡ ಬಾರದವನು. ಅವನಿಗೆ ಕಂಡದ್ದನ್ನು ಹೇಳಿದ. ನಾನೂ ಒಪ್ಪುವವನೇ ಇದ್ದೆ. ಮನೆಯಾಕೆ "ಇವ್ರೇ, ಒಂದು ದಿನ ತಡೆಯಿರಿ, ನಮ್ಮ ಸಂಘದ ಹುಡುಗಿಗೆ ಒಮ್ಮೆ ತೋರಿಸಿ" ಎಂದು ತಡೆಯದಿದ್ದರೆ ಆ ಬರಹ ಅಂದೇ ಮುಗಿಯುತ್ತಿತ್ತು. ಮೊಮ್ಮಗನ ಕೈಯಿಂದ ಹೋದದ್ದು ತಂತ್ರಾಂಶ ಮಾತ್ರ. ಗಾಬರಿಯಿಂದ ನಾನು ಮಾಡಹೊರಟಿದ್ದ ಎರಡನೆಯ ತಪ್ಪಿನಿಂದ ಬರಹವೇ ಹೋಗುತ್ತಿತ್ತು. ಈ ಲೇಖನದಿಂದ ಓದುಗರು ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಬೇಕು: ತಂತ್ರಾಂಶ ಹೋದರೆ ಮತ್ತೆ ತರಬಹುದು. ಬರಹ ಹೋದರೆ ತರಲಾಗದು. ಏನಾಗಿದೆ ಎಂದು ತಿಳಿಯುವ ಮುನ್ನ ಏನನ್ನೂ ಅಳಿಸಬಾರದು.

ಪೌಂಡಿನ ಗುರುತಿನ ಗುಟ್ಟು

ಸಂಘದ ಸದಸ್ಯರೊಬ್ಬರ ಮಗಳು ಐರೋಲಿಯ ಕಂಪೆನಿಯೊಂದರಲ್ಲಿ ಇಂಜಿನಿಯರ್. ಭಾನುವಾರ ಬಂದವಳು ಮೊದಲು ಮಾಡಿದ ಕೆಲಸವೆಂದರೆ ಏನನ್ನೂ ಮುಟ್ಟದೆ ನನ್ನ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದ್ದು. ಆಮೇಲೆ ಆ ಪುಟವನ್ನು ನೋಡಿ ನಕ್ಕಳು. "ಅಂಕಲ್, ಇದು ವೈರಸ್ ಅಲ್ಲ. ಇದು ಕನ್ನಡವೇ. ಕನ್ನಡಕ ಇಲ್ಲದೆ ನೋಡ್ತಾ ಇದ್ದೇವೆ ಅಷ್ಟೆ."

ಅವಳು ವಿವರಿಸಿದ್ದು ಹೀಗೆ. ಕನ್ನಡದ ಹಳೆಯ ತಂತ್ರಾಂಶಗಳು ಹುಟ್ಟಿದ ಕಾಲದಲ್ಲಿ ಸಾಮಾನ್ಯ ಕಂಪ್ಯೂಟರಿಗೆ ಕನ್ನಡವೆಂದರೆ ಏನೆಂದೇ ತಿಳಿದಿರಲಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಬಂತು. ಅದರ ಕೀಲಿಮಣೆಗೆ ಆಧಾರ ಕೆ. ಪಿ. ರಾವ್ ಅವರ ವಿನ್ಯಾಸ. ಇವು ಕಂಡುಕೊಂಡ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುವುದು. ಕಡತದೊಳಗೆ ಇರುವುದು ಇಂಗ್ಲಿಷಿನ 'ಪಿ' ಅಕ್ಷರ, ನುಡಿಯ ಅಕ್ಷರಶೈಲಿ ಅದನ್ನು 'ಕ'ಕಾರವಾಗಿ ತೋರಿಸುತ್ತದೆ. 'ನ'ಕಾರದ ಜಾಗದಲ್ಲಿ ಇರುವುದು ಪೌಂಡಿನ ಗುರುತು. ಆದ್ದರಿಂದ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಪದವೇ 'ಪಿ'ಯಿಂದ ಶುರುವಾಗಿ ನಡುವೆ ಪೌಂಡ್ ಹೊತ್ತುಕೊಂಡು ಕಾಣುತ್ತದೆ. ನಿಮ್ಮ ಹಳೆಯ ಕಡತದಲ್ಲಿ ಇಂತಹ ಪೌಂಡಿನ ಗುರುತುಗಳು ತುಂಬಿದ್ದರೆ ಗಾಬರಿ ಬೇಡ. ಬರಹ ಸುರಕ್ಷಿತವಾಗಿರುವ ಸಂಭವವೇ ಹೆಚ್ಚು.

ನುಡಿಯನ್ನು ಮತ್ತೆ ಹಾಕಿದ ಮೇಲೆ ಅದೇ ಕಡತವನ್ನು ತೆರೆದಳು. ಕಡತದೊಳಗೆ ಯಾವ ಅಕ್ಷರಶೈಲಿ ಬಳಸಿದೆ ಎಂಬ ಹೆಸರೂ ದಾಖಲಾಗಿರುತ್ತದೆ. ಆ ಅಕ್ಷರಶೈಲಿ ಮರಳಿ ಬಂದ ಕೂಡಲೇ ಹಿರಿಯರ ಮೊದಲ ವಾಕ್ಯ ಹಾಗೆಯೇ ಎದುರಿಗೆ ಬಂತು. ನನ್ನ ಕಣ್ಣು ಒದ್ದೆಯಾಯಿತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ನನಗಿಂತ ದೊಡ್ಡ ಉಸಿರು ಬಿಟ್ಟ.

ಯಾವ ನಷ್ಟಕ್ಕೆ ಯಾವ ಚಿಕಿತ್ಸೆ?

ಇಂತಹ ಸಂದರ್ಭ ಯಾರಿಗೂ ಬರಬಹುದು. ಅವಳಿಂದ ಕೇಳಿ ಬರೆದಿಟ್ಟುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

ಮೊದಲನೆಯದು, ಪರದೆಯ ಮೇಲಿನ ಚಿತ್ರ ಮಾತ್ರ ಅಳಿಸಿ ಹೋಗಿರುವುದು. ಇದು ನಷ್ಟವೇ ಅಲ್ಲ. ಆ ಚಿತ್ರ ಬಾಗಿಲಿನ ಫಲಕ ಇದ್ದ ಹಾಗೆ, ಫಲಕ ಬಿದ್ದರೆ ಮನೆ ಬೀಳುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ತಂತ್ರಾಂಶದ ಹೆಸರು ಬರೆದು ಹುಡುಕಿದರೆ ಸಿಗುತ್ತದೆ.

ಎರಡನೆಯದು, ತಂತ್ರಾಂಶವನ್ನೇ ತಪ್ಪಿ ತೆಗೆದುಹಾಕಿರುವುದು. ಸಾಮಾನ್ಯವಾಗಿ ಇದರಿಂದ ನಾವು ಬರೆದ ಕಡತಗಳು ಹೋಗುವುದಿಲ್ಲ. ಮತ್ತೆ ಹಾಕಿಕೊಂಡರೆ ಸಾಕು. 'ಸಿಸ್ಟಮ್ ರಿಸ್ಟೋರ್' ಎಂಬ ವ್ಯವಸ್ಥೆ ಮೊದಲೇ ಚಾಲೂ ಇದ್ದರೆ ಕಂಪ್ಯೂಟರನ್ನು ಹಿಂದಿನ ದಿನಾಂಕದ ಸ್ಥಿತಿಗೆ ಒಯ್ಯಲೂ ಸಾಧ್ಯ. ಅದು ನಮ್ಮ ಬರಹಗಳನ್ನು ಮುಟ್ಟುವುದಿಲ್ಲ. ಆದರೆ ಅಳಿಸಿ ಹೋದ ಬರಹವನ್ನು ತಂದುಕೊಡುವುದೂ ಇಲ್ಲ.

ಮೂರನೆಯದು, ನನ್ನ ಮನೆಯಲ್ಲಿ ಆದಂತೆ ರೀಸೆಟ್ ಆಗಿರುವುದು ಅಥವಾ ವಿಂಡೋಸ್ ಮೇಲೆಯೇ ವಿಂಡೋಸ್ ಹಾಕಿರುವುದು. ರೀಸೆಟ್ ಆದಾಗ ತೆಗೆದುಹಾಕಿದ ತಂತ್ರಾಂಶಗಳ ಪಟ್ಟಿಯೊಂದು ಡೆಸ್ಕ್‌ಟಾಪ್ ಮೇಲೆ ಕಾಣಿಸಿಕೊಳ್ಳುತ್ತದೆ. ಅದನ್ನು ಕಸವೆಂದು ಅಳಿಸದೆ ಜೋಪಾನ ಮಾಡಿ. ಏನೇನು ಮತ್ತೆ ಹಾಕಬೇಕೆಂದು ಹೇಳುವ ಪಟ್ಟಿ ಅದೇ. ಜೊತೆಗೆ ಸಿ ಡ್ರೈವಿನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಇದೆಯೇ ನೋಡಿ. ಹಳೆಯ ವ್ಯವಸ್ಥೆಯ ಬಹುಭಾಗ ಅದರಲ್ಲಿ ಉಳಿದಿರುತ್ತದೆ. ಆದರೆ ಸಾಮಾನ್ಯವಾಗಿ ಹತ್ತು ದಿನಗಳಲ್ಲಿ ವಿಂಡೋಸ್ ಅದನ್ನು ತಾನಾಗಿಯೇ ಅಳಿಸುತ್ತದೆ. ಆದ್ದರಿಂದ ಬೇಕಾದದ್ದನ್ನು ಕೂಡಲೇ ತೆಗೆದಿಟ್ಟುಕೊಳ್ಳಬೇಕು.

ಇಲ್ಲಿ ಲೆಕ್ಕಪತ್ರ ನೋಡುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಹೊಟೇಲ್ ಉದ್ಯಮಿಗಳೂ ಸಂಘಗಳ ಕೋಶಾಧಿಕಾರಿಗಳೂ ಟ್ಯಾಲಿ ಬಳಸುವವರೇ ಹೆಚ್ಚು. ಟ್ಯಾಲಿಯ ಲೆಕ್ಕಗಳು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದಿಲ್ಲ. ಬೇರೆ ಕಡೆ ಇಡಲು ಹೇಳದಿದ್ದರೆ ಟ್ಯಾಲಿಯದೇ 'ಡೇಟಾ' ಫೋಲ್ಡರಿನಲ್ಲಿ ಇರುತ್ತವೆ. ಕಡತ ಉಳಿಸಿದ್ದೇವೆ ಎಂದು ನೆಮ್ಮದಿಯಿಂದ ಇರುವವರು ಆ ಫೋಲ್ಡರನ್ನೂ ಉಳಿಸಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ನಾಲ್ಕನೆಯದು, ಡಿಸ್ಕ್ ಫಾರ್ಮ್ಯಾಟ್ ಆಗಿರುವುದು ಅಥವಾ ಕಡತವೇ ಅಳಿಸಿರುವುದು. ಮೊದಲು ರಿಸೈಕಲ್ ಬಿನ್ ನೋಡಿ. ಅಲ್ಲಿಲ್ಲದಿದ್ದರೆ ಕಂಪ್ಯೂಟರ್ ಬಳಕೆಯನ್ನು ಆ ಕ್ಷಣವೇ ನಿಲ್ಲಿಸಿ. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಕಡತ ಅಳಿಸಿದಾಗ ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆಯಷ್ಟೆ, ಬರಹ ಅಲ್ಲೇ ಇರುತ್ತದೆ. ಮೇಲೆ ಹೊಸದನ್ನು ಬರೆದಾಗ ಮಾತ್ರ ಹಳೆಯದು ಅಳಿಯುತ್ತದೆ. ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿನಲ್ಲಿ ಹಾಕಿದರೂ ಅದು ನಿಮ್ಮ ಬರಹದ ಮೇಲೆಯೇ ಕೂರಬಹುದು. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, 'ಫೋಟೋರೆಕ್', 'ರೆಕುವಾ'ದಂತಹ ತಂತ್ರಾಂಶದಿಂದ ಹುಡುಕುವುದು ಸರಿಯಾದ ಕ್ರಮ. ಆದರೆ ಹೊಸ ಕಂಪ್ಯೂಟರುಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಯಂತ್ರವೇ ಬೇಗ ಸ್ವಚ್ಛ ಮಾಡಿಬಿಡುತ್ತದೆ. ಅಲ್ಲಿ ಮರಳಿ ಸಿಗುವ ಆಸೆ ಕಡಿಮೆ.

ಕೆಲವೊಮ್ಮೆ ವಿಂಡೋಸ್ ಶುರುವಾಗದೇ ಇರಬಹುದು. ಆಗಲೂ ಕಡತ ಹೋಯಿತೆಂದು ಅರ್ಥವಲ್ಲ. ಪೆನ್‌ಡ್ರೈವಿನಲ್ಲಿ ಉಬುಂಟುವಿನಂತಹ ಉಚಿತ ವ್ಯವಸ್ಥೆಯನ್ನು ಹಾಕಿ, ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡಿ ಕಡತಗಳನ್ನು ಹೊರಗೆ ತೆಗೆಯಬಹುದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್‌ಗಳಲ್ಲಿ ಈ ಕೆಲಸ ಬಲ್ಲವರಿದ್ದಾರೆ. ಯಂತ್ರ ಕೊಡುವಾಗ "ಮೊದಲು ಡೇಟಾ ತೆಗೆಯಿರಿ, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ರಸೀದಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಮತ್ತೆ ಕಟ್ಟುವ ಕ್ರಮ

ಕಡತಗಳ ನಕಲು ಹೊರಗೆ ಬಂದ ಮೇಲೆಯೇ ತಂತ್ರಾಂಶಗಳನ್ನು ಹಾಕಲು ಶುರು ಮಾಡಬೇಕು. ಮೊದಲು ವಿಂಡೋಸ್‌ನ ಪರಿಷ್ಕರಣೆಗಳು, ಆಮೇಲೆ ಪ್ರಿಂಟರ್, ಬಳಿಕ ಬರವಣಿಗೆಯ ತಂತ್ರಾಂಶ, ಕನ್ನಡದ ತಂತ್ರಾಂಶ, ಕೊನೆಗೆ ಲೆಕ್ಕಪತ್ರದ್ದು. ಹಣ ಕೊಟ್ಟು ಕೊಂಡ ತಂತ್ರಾಂಶದ ಕೀಲಿ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಹಣ ಕೊಡಲು ಇಷ್ಟವಿಲ್ಲದವರಿಗೆ 'ಲಿಬ್ರೆ ಆಫೀಸ್' ಉಚಿತವಾಗಿ ಸಿಗುತ್ತದೆ. ಯಾವುದೇ ಆಗಲಿ, ಅದನ್ನು ರೂಪಿಸಿದವರ ಜಾಲತಾಣದಿಂದಲೇ ತರಬೇಕು. ಹುಡುಕಿದಾಗ ಮೊದಲು ಕಾಣುವ ತಾಣದಿಂದಲ್ಲ.

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರ ಬಿಟ್ಟು ಹೊಸದು ಕೊಳ್ಳುವ ಸಂಘಗಳು ಇನ್ನೂ ಬಹಳ ಇರಬಹುದು. ಹೊಸ ಯಂತ್ರದಲ್ಲಿ ಹಳೆಯ ಕಡತ ತೆರೆದಾಗ ಅವರಿಗೂ ಇದೇ ಪೌಂಡಿನ ಗುರುತು ಎದುರಾಗುತ್ತದೆ. ಹಳೆಯದನ್ನು ಗುಜರಿಗೆ ಕೊಡುವ ಮೊದಲು ಯೋಚಿಸಬೇಕಾದ ವಿಚಾರವಿದು.

ಯುನಿಕೋಡ್ ಏಕೆ ಬೇಕು?

ನುಡಿ ಮರಳಿ ಬಂದ ಮೇಲೆ ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಹುಡುಗಿ ಬಿಡಲಿಲ್ಲ. "ಅಂಕಲ್, ಮುಂದಿನ ಸಲ ಈ ತಂತ್ರಾಂಶ ಸಿಗದಿದ್ದರೆ? ಬರಹವನ್ನು ಯುನಿಕೋಡಿಗೆ ತನ್ನಿ" ಎಂದಳು. ಯುನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಟ್ಟಿರುವ ವ್ಯವಸ್ಥೆ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಇಲ್ಲಿ 'ಕ' ಎಂದರೆ 'ಕ'ವೇ, ಪಿ ಅಕ್ಷರದ ವೇಷವಲ್ಲ. ಒಂದು ತಂತ್ರಾಂಶ ಹೋದರೂ ಇನ್ನೊಂದರಲ್ಲಿ ಓದಬಹುದು. ಮೊಬೈಲ್ ಫೋನಿನಲ್ಲಿ ನಾವು ದಿನವೂ ಓದುವ ಕನ್ನಡ ಸಂದೇಶಗಳು ಇದೇ ಬಗೆಯವು.

ಹಳೆಯ ಕಡತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಯಂತ್ರ ಬದಲಿಸಿದ್ದನ್ನು ಹಾಗೆಯೇ ನಂಬುವಂತಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಬರೆಯುತ್ತಿದ್ದರು, ಯುನಿಕೋಡಿನಲ್ಲಿ ಅದು ಮೊದಲು ಬರುತ್ತದೆ. ಅಲ್ಲಲ್ಲಿ ಎಡವಟ್ಟಾಗುತ್ತದೆ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದನ್ನೂ ಕನ್ನಡವೆಂದು ತಿಳಿದು ಪರಿವರ್ತಕ ಅರ್ಥವಿಲ್ಲದ ಅಕ್ಷರಗಳ ಸರಮಾಲೆ ಮಾಡಿಬಿಡುತ್ತದೆ. ಹಿರಿಯರು ಬರೆದಿದ್ದ ಗಿರಣಿಯ ಹೆಸರುಗಳೆಲ್ಲ ಹೀಗಾದವು. ಆದ್ದರಿಂದ ಹಳೆಯ ಕಡತವನ್ನು ಅಳಿಸದೆ, ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ ತಿದ್ದಬೇಕು. ನಮ್ಮ 42 ಪುಟಕ್ಕೆ ಮೂರು ಭಾನುವಾರ ಹಿಡಿಯಿತು. ಮೊಮ್ಮಗ ಪರದೆಯ ಮುಂದೆ ಕುಳಿತ, ನಾನು ಓದಿ ಹೇಳಿದೆ. ತಂತ್ರಾಂಶ ಕಳೆದವನಿಂದಲೇ ಬರಹ ತಿದ್ದಿಸಿದೆ ಎಂದು ಮನೆಯಲ್ಲಿ ಎಲ್ಲರಿಗೂ ನಗು.

ಅದರಿಂದ ನಾವು ಎಣಿಸದ ಲಾಭವೊಂದು ಆಯಿತು. ಆ ಹಿರಿಯರ ಮೊಮ್ಮಗಳು ಮಲಾಡಿನಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ಮುಂಬಯಿಯ ನಮ್ಮ ಮನೆಮನೆಯ ಕಥೆ ಇದು. ಯುನಿಕೋಡ್ ಪ್ರತಿಯನ್ನು ಅವಳ ಫೋನಿಗೆ ಕಳಿಸಿದೆವು. ಫೋನಿನಲ್ಲಿ ಬರಹವನ್ನು ಗಟ್ಟಿಯಾಗಿ ಓದುವ ಸೌಲಭ್ಯ ಈಗ ಕನ್ನಡಕ್ಕೂ ಇದೆ. ಅಜ್ಜ ರಾತ್ರಿ ಶಾಲೆಯ ಬೆಂಚಿನ ಮೇಲೆ ನಿದ್ದೆ ತೂಗಿದ್ದು, ಮೊದಲ ಸಂಬಳದಲ್ಲಿ ಊರಿಗೆ ಮನಿಯಾರ್ಡರ್ ಮಾಡಿದ್ದು, ಎಲ್ಲವನ್ನೂ ಅವಳು ಲೋಕಲ್ ರೈಲಿನಲ್ಲಿ ಕೂತು ಕೇಳಿದಳು. ಯಂತ್ರದ ಧ್ವನಿ, ಉಚ್ಚಾರ ಅಷ್ಟಕ್ಕಷ್ಟೆ. ಆದರೂ "ಅಜ್ಜನೇ ಹೇಳಿದ ಹಾಗೆ ಆಯ್ತು" ಎಂದು ಫೋನ್ ಮಾಡಿದಳು. ಹಳೆಯ ಕಡತವನ್ನೇ ಕಳಿಸಿದ್ದರೆ ಫೋನ್ ಓದುತ್ತಿದ್ದದ್ದು ಪಿ, ಕ್ಯೂ, ಪೌಂಡ್!

ಸಂಘಗಳಿಗೆ ಒಂದು ವಿನಂತಿ

ಈಗ ಆ ಬರಹದ ಒಂದು ಪ್ರತಿ ನನ್ನಲ್ಲಿ, ಒಂದು ಸಂಘದ ಪೆನ್‌ಡ್ರೈವಿನಲ್ಲಿ, ಒಂದು ಅಂತರ್ಜಾಲದ ಸಂಗ್ರಹದಲ್ಲಿ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ ಎಂಬುದು ಬಲ್ಲವರು ಹೇಳುವ ಲೆಕ್ಕ. ಕಾಗದದ ಮೇಲೂ ಒಂದು ಪ್ರತಿ ಮುದ್ರಿಸಿ, ಈ ಬಾರಿ ಮೇಲಿನ ಮಹಡಿಯಲ್ಲಿ ಇಟ್ಟಿದ್ದೇವೆ.

ಪ್ರತಿ ಸಂಘದಲ್ಲೂ 1998ರಿಂದೀಚೆಗೆ ಬರಹ, ನುಡಿ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕಡತಗಳು ಇರುತ್ತವೆ. ಅವುಗಳಲ್ಲಿ ಹೊರನಾಡ ಕನ್ನಡಿಗರ ಎರಡು ತಲೆಮಾರಿನ ಇತಿಹಾಸವಿದೆ. ಅವನ್ನು ಟೈಪ್ ಮಾಡಿದವರಲ್ಲಿ ಹಲವರಿಗೆ ವಯಸ್ಸಾಗಿದೆ, ಕೆಲವರು ಇಲ್ಲ. ಅವರ ಮನೆಯ ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರ್ ಇನ್ನೂ ಇರಬಹುದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯ ಸೇರಲಿ. ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಅಥವಾ ಯುವತಿ, ಕನ್ನಡ ಬಲ್ಲ ಒಬ್ಬ ಹಿರಿಯ, ಇವರಿಬ್ಬರು ಜೊತೆಯಾಗಿ ನಾಲ್ಕು ಭಾನುವಾರ ಕುಳಿತರೆ ಬಹಳಷ್ಟು ಉಳಿಯುತ್ತದೆ.

ಅಂದ ಹಾಗೆ, ಮೊಮ್ಮಗ ಈ ದೀಪಾವಳಿಗೂ ಬರುತ್ತಾನೆ. ಕಂಪ್ಯೂಟರ್ ಮತ್ತೆ ನಿಧಾನವಾಗಿದೆ. ಆದರೆ ಈ ಸಲ ಗುಂಡಿ ಒತ್ತುವ ಮೊದಲು ಪೆನ್‌ಡ್ರೈವ್ ಕೇಳಬೇಕೆಂದು ಅವನಿಗೂ ಗೊತ್ತು, ಪೇಪರ್ ಕೆಳಗಿಡಬೇಕೆಂದು ನನಗೂ ಗೊತ್ತು.